ಅಪ್ಪನ ನಿವೃತ್ತಿ ಹಣ ಮತ್ತು ಮ್ಯೂಚುವಲ್ ಫಂಡ್: ಫಂಡ್ ಬಾಗಿಲು ಮುಚ್ಚಿದರೆ ದುಡ್ಡು ಎಲ್ಲಿರುತ್ತದೆ?

ವಿಜಯನಗರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ದುಡಿದು ಹೋದ ತಿಂಗಳು ನಿವೃತ್ತರಾದರು. ವಯಸ್ಸು 60. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 42 ಲಕ್ಷ ಬಂದಿದೆ. ಇಷ್ಟು ದುಡ್ಡನ್ನು ಅವರು ಒಟ್ಟಿಗೆ ನೋಡಿದ್ದು ಇದೇ ಮೊದಲು. ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದ ದಿನ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಪೆನ್ಷನ್ ಬಹಳ ಕಡಿಮೆ. ಇನ್ನು ಮುಂದೆ ಅಪ್ಪ ಅಮ್ಮನ ಮನೆ ಖರ್ಚು, ಔಷಧಿ ಎಲ್ಲ ಇದರಲ್ಲೇ ನಡೆಯಬೇಕು.

ದುಡ್ಡು ಬಂದ ವಾರದಲ್ಲೇ ಬ್ಯಾಂಕಿನಿಂದ ಫೋನ್ ಬಂತು. "ಸರ್, ಎಫ್‌ಡಿಯಲ್ಲಿ ಇಟ್ಟರೆ ದುಡ್ಡು ಕರಗುತ್ತೆ, ಮ್ಯೂಚುವಲ್ ಫಂಡ್‌ಗೆ ಹಾಕಿ" ಅಂದರಂತೆ. ಅಪ್ಪನಿಗೆ ಸಿಟ್ಟು ಬಂತು. ನಮ್ಮ ಚಿಕ್ಕಪ್ಪನ ದುಡ್ಡು ಕೆಲವು ವರ್ಷದ ಹಿಂದೆ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಅದು. "ಬೋರ್ಡು, ಕಟ್ಟಡ, ಮ್ಯಾನೇಜರು ಎಲ್ಲ ಇದ್ದ ಬ್ಯಾಂಕೇ ಹಂಗೆ ಮಾಡ್ತು. ಇನ್ನು ಕಣ್ಣಿಗೇ ಕಾಣದ ಫಂಡ್ ಹೆಂಗೆ ನಂಬೋದು?" ಅಂತ ಅಪ್ಪ ನನ್ನನ್ನೇ ಕೇಳಿದರು.

ನಾನು 2019ರಿಂದ ತಿಂಗಳಿಗೆ 15,000 ಎಸ್‌ಐಪಿ, ಅಂದರೆ ಫಂಡ್‌ಗೆ ಪ್ರತಿ ತಿಂಗಳ ಕಂತು, ಹಾಕುತ್ತಿದ್ದೇನೆ. ಆದರೂ ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಯಾವ ಫಂಡ್ ಜಾಸ್ತಿ ಕೊಡುತ್ತದೆ ಅಂತ ನಾನು ಕೇಳುತ್ತಿಲ್ಲ. ಷೇರುಪೇಟೆ ಬೀಳುತ್ತದೆ, ಏಳುತ್ತದೆ, ಅಷ್ಟು ಗೊತ್ತು. ಫಂಡ್ ನಡೆಸುವ ಕಂಪನಿಯೇ ಮುಳುಗಿದರೆ ಏನಾಗುತ್ತದೆ? ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡಲು ಹೆದರುವಂಥ ಕಾಲ ಬಂದರೆ? ಆವಾಗ ನನ್ನ ಯೂನಿಟ್‌ಗಳು, ಅಂದರೆ ಫಂಡ್‌ನಲ್ಲಿರುವ ನನ್ನ ಪಾಲು, ಎಲ್ಲಿರುತ್ತವೆ? ಅಪ್ಪನಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?

ಮಲ್ಲೇಶ್ವರದ ನಿವೃತ್ತ ಬ್ಯಾಂಕಿಗ

ನಿಮ್ಮಪ್ಪ ಸರಿಯಾದ ಪ್ರಶ್ನೆ ಕೇಳಿದ್ದಾರಮ್ಮ. 34 ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತಿದ್ದವನು ನಾನು. "ಎಷ್ಟು ಪರ್ಸೆಂಟ್?" ಅಂತ ಕೇಳಿದವರು ಸಾವಿರಾರು ಜನ. "ನನ್ನ ದುಡ್ಡು ಎಲ್ಲಿರುತ್ತೆ?" ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ದುಡ್ಡಿಗೆ ಮೂರು ರೀತಿ ಕೆಡುಕು ಆಗಬಹುದು. ಒಂದು, ಇಳಿಯುವುದು. ಇನ್ನೊಂದು, ಸಿಕ್ಕಿಕೊಳ್ಳುವುದು. ಮತ್ತೊಂದು, ಕಾಣೆಯಾಗುವುದು. ಜನ ಮೂರನ್ನೂ ಸೇರಿಸಿ "ರಿಸ್ಕ್" ಅಂದುಬಿಡುತ್ತಾರೆ. ಆದರೆ ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಚಿಕ್ಕಪ್ಪನಿಗೆ ಆಗಿದ್ದು ಎರಡನೆಯದು. ಅಪ್ಪ ಹೆದರುತ್ತಿರುವುದು ಮೂರನೆಯದಕ್ಕೆ. ಜಾಹೀರಾತಿನ ಕೊನೆಯಲ್ಲಿ ಗಡಿಬಿಡಿಯಲ್ಲಿ ಓದುವ ಎಚ್ಚರಿಕೆ ಬರೀ ಮೊದಲನೆಯದರ ಬಗ್ಗೆ.

ಮೊದಲು ಕಾಣೆಯಾಗುವ ಮಾತು. ನೀವು ಫಂಡ್‌ಗೆ ಹಾಕಿದ ಹಣ ಆ ಕಂಪನಿಯ ಜೇಬಿಗೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಮ್ಯೂಚುವಲ್ ಫಂಡ್ ಅಂದರೆ ಕಾನೂನಿನ ಪ್ರಕಾರ ತುಂಬಾ ಜನರ ಹಣ ಸೇರಿಸಿ ಷೇರು, ಬಾಂಡ್ ಕೊಳ್ಳುವ ಒಂದು ಟ್ರಸ್ಟ್. ಆಸ್ತಿ ಟ್ರಸ್ಟಿನ ಹೆಸರಲ್ಲಿ ಇರುತ್ತದೆ, ಅದರ ಮೇಲೆ ಟ್ರಸ್ಟಿಗಳ ಕಣ್ಣು ಇರುತ್ತದೆ. ಫಂಡ್ ಕಂಪನಿ, ಅಂದರೆ ಎಎಂಸಿ, ಸಂಬಳಕ್ಕೆ ಇಟ್ಟುಕೊಂಡ ಮ್ಯಾನೇಜರ್ ಇದ್ದ ಹಾಗೆ. ಏನು ಕೊಳ್ಳಬೇಕು, ಏನು ಮಾರಬೇಕು ಅಂತ ತೀರ್ಮಾನ ಮಾಡುತ್ತದೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತದೆ. ಕೊಂಡ ಷೇರು, ಬಾಂಡ್‌ಗಳನ್ನು ಕಾಯುವುದು ಕಸ್ಟೋಡಿಯನ್ ಅನ್ನುವ ಬೇರೆಯೇ ಸಂಸ್ಥೆ. ಯಾರ ಹೆಸರಲ್ಲಿ ಎಷ್ಟು ಯೂನಿಟ್ ಇದೆ ಅನ್ನುವ ಲೆಕ್ಕ ರಿಜಿಸ್ಟ್ರಾರ್ ಹತ್ತಿರ. ಕ್ಯಾಮ್ಸ್, ಕೆಫಿನ್‌ಟೆಕ್ ಅನ್ನುವ ಹೆಸರು ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ನೋಡಿರುತ್ತೀರಿ. ಇದಕ್ಕೆಲ್ಲ ಬುನಾದಿ ಹಾಕಿದ್ದು ಷೇರುಪೇಟೆಯ ನಿಯಂತ್ರಕ ಸೆಬಿಯ 1996ರ ನಿಯಮಗಳು.

ಹಾಗಾಗಿ ಕಂಪನಿ ಮುಚ್ಚಿದರೂ ಅದಕ್ಕೆ ಸಾಲ ಕೊಟ್ಟವರು ನಿಮ್ಮ ಯೂನಿಟ್‌ಗೆ ಕೈ ಹಾಕುವ ಹಾಗಿಲ್ಲ. ಕಂಪನಿ ಕೈ ಬದಲಾಗಿದ್ದು ಎಷ್ಟೋ ಸಲ ಆಗಿದೆ. ಫಿಡೆಲಿಟಿ ಇಲ್ಲಿಯ ಫಂಡ್ ವ್ಯವಹಾರವನ್ನು 2012ರಲ್ಲಿ ಎಲ್ ಅಂಡ್ ಟಿಗೆ ಮಾರಿತು. 2022ರಲ್ಲಿ ಎಲ್ ಅಂಡ್ ಟಿಯಿಂದ ಅದು ಎಚ್‌ಎಸ್‌ಬಿಸಿ ಕೈಗೆ ಹೋಯಿತು. ಹಣ ಹಾಕಿದವರ ಸ್ಟೇಟ್‌ಮೆಂಟಿನಲ್ಲಿ ಹೆಸರು ಬದಲಾಯಿತು, ಯೂನಿಟ್‌ಗಳು ಅವರ ಹೆಸರಲ್ಲೇ ಉಳಿದವು.

ಬ್ಯಾಂಕ್ ಠೇವಣಿ ಇದಕ್ಕೆ ಉಲ್ಟಾ. ಎಫ್‌ಡಿ ಇಟ್ಟರೆ ನೀವು ಬ್ಯಾಂಕಿಗೆ ಸಾಲ ಕೊಟ್ಟ ಹಾಗೆ. ಬ್ಯಾಂಕ್ ಅದನ್ನು ತನ್ನ ಲೆಕ್ಕದಲ್ಲೇ ಸೇರಿಸಿಕೊಂಡು ಇನ್ನೊಬ್ಬರಿಗೆ ಸಾಲ ಕೊಡುತ್ತದೆ. ಬ್ಯಾಂಕ್ ಮುಳುಗಿದರೆ ನೀವು ಅದಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು, 5 ಲಕ್ಷದವರೆಗೆ ವಿಮೆ ಇದೆ. ಫಂಡ್‌ಗೆ ಅಂಥ ವಿಮೆ ಇಲ್ಲ. ಅಲ್ಲಿ ಆಸ್ತಿ ನಿಮ್ಮದೇ, ಅದರ ಬೆಲೆ ಎಷ್ಟಿರುತ್ತದೆ ಅನ್ನುವುದಕ್ಕೆ ಮಾತ್ರ ಯಾರೂ ಹೊಣೆ ಅಲ್ಲ. ಅಪ್ಪನಿಗೆ ಈ ಒಂದು ವ್ಯತ್ಯಾಸ ಹೇಳಿ, ಅವರಿಗೆ ಖಂಡಿತ ಅರ್ಥವಾಗುತ್ತದೆ.

ಈಗ ಸಿಕ್ಕಿಕೊಳ್ಳುವುದು. ನನ್ನ ಪ್ರಕಾರ ನಿಮ್ಮ ಮನೆಗೆ ಮುಖ್ಯವಾದದ್ದು ಇದೇ. 2001ರ ಜುಲೈಯಲ್ಲಿ ಯುಟಿಐ ಅನ್ನುವ ಫಂಡ್ ಸಂಸ್ಥೆಯ ಯುಎಸ್-64 ಯೋಜನೆ ಆರು ತಿಂಗಳು ಯೂನಿಟ್ ಮಾರುವುದು, ವಾಪಸ್ ಕೊಳ್ಳುವುದನ್ನೇ ನಿಲ್ಲಿಸಿತು. 1964ರಿಂದ ಜನ ಅದನ್ನು ಸರ್ಕಾರದ ಠೇವಣಿ ಅಂತಲೇ ನಂಬಿದ್ದರು. ಆಗ ನಮ್ಮ ಶಾಖೆಗೆ ಬಂದು "ನಿಮಗೇನಾದರೂ ಗೊತ್ತಾ ಸ್ವಾಮಿ" ಅಂತ ಕೇಳಿದ ಹಿರಿಯರ ಮುಖ ನನಗೆ ಇನ್ನೂ ನೆನಪಿದೆ. ಆಮೇಲೆ 2020ರ ಏಪ್ರಿಲ್ 23. ಫ್ರಾಂಕ್ಲಿನ್ ಟೆಂಪಲ್‌ಟನ್ ಅನ್ನುವ ಫಂಡ್ ಕಂಪನಿ ತನ್ನ ಆರು ಸಾಲಪತ್ರ ಫಂಡ್‌ಗಳನ್ನು, ಅಂದರೆ ಬಾಂಡ್ ಕೊಳ್ಳುವ ಫಂಡ್‌ಗಳನ್ನು, ಒಂದೇ ದಿನ ಮುಚ್ಚುವುದಾಗಿ ಹೇಳಿತು. ಸುಮಾರು 25,000 ಕೋಟಿ. ಷೇರು ಫಂಡ್‌ಗಳಲ್ಲ ಅವು, ಸಾಲಪತ್ರದವು. ಹೆಚ್ಚು ಬಡ್ಡಿಗೋಸ್ಕರ ಕಡಿಮೆ ರೇಟಿಂಗ್ ಇರುವ ಕಂಪನಿಗಳ ಪತ್ರ ಕೊಂಡಿದ್ದರು. ಕೋವಿಡ್ ಬಂದಾಗ ಜನ ಹಣ ವಾಪಸ್ ಕೇಳಿದರು. ಆ ಪತ್ರಗಳನ್ನು ಕೊಳ್ಳುವವರೇ ಪೇಟೆಯಲ್ಲಿ ಇರಲಿಲ್ಲ.

ಕೇಸು ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂತು. ಯೂನಿಟ್ ಇರುವವರ ಒಪ್ಪಿಗೆ ಇಲ್ಲದೆ ಮುಚ್ಚುವ ಹಾಗಿಲ್ಲ ಅಂತ 2020ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಡಿಸೆಂಬರ್‌ನಲ್ಲಿ ಮತದಾನ ಆಯಿತು. ಮೊದಲ ಕಂತು, 9,122 ಕೋಟಿ, ಜನರ ಕೈಗೆ ಬರಲು ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ. ಉಳಿದದ್ದು ಆಮೇಲೆ ಕಂತು ಕಂತಾಗಿ ಬಂತು. ಹಣ ಕಾಣೆಯಾಗಲಿಲ್ಲ. ಆದರೆ ಹತ್ತು ತಿಂಗಳು ಕೈಗೆ ಒಂದು ರೂಪಾಯಿ ಇಲ್ಲ. ತಿಂಗಳ ಔಷಧಿಗೆ ಅದನ್ನೇ ನಂಬಿದ್ದವರಿಗೆ ಆ ಹತ್ತು ತಿಂಗಳು ಹೇಗಿತ್ತು ಅಂತ ಯೋಚನೆ ಮಾಡಿ.

ವಿಜಯನಗರದ ಮಗಳು

ಸರ್, ತುಂಬಾ ಥ್ಯಾಂಕ್ಸ್. ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಸಿಕ್ಕಿಕೊಳ್ಳೋದು ಬೇರೆ, ಕಳೆದುಹೋಗೋದು ಬೇರೆ" ಅಂತ ಅವರೇ ಎರಡು ಸಲ ಹೇಳಿಕೊಂಡರು.

ನನಗೆ ಅರ್ಥವಾಗದೆ ಉಳಿದದ್ದು ಒಂದಿದೆ. ಒಂದು ಕಂಪನಿ ತಪ್ಪು ಪತ್ರ ಕೊಂಡರೆ ಅದರ ಫಂಡ್ ಮಾತ್ರ ಕೆಡಬೇಕು ಅಲ್ವಾ? ಎಲ್ಲ ಕಡೆ ಒಟ್ಟಿಗೆ ಯಾಕೆ ಹಬ್ಬುತ್ತದೆ?

ರಿಚ್‌ಮಂಡ್ ಟೌನ್ ಟ್ರೆಷರಿ

ಅಕ್ಕ, ನಾನು ಒಂದು ಫೈನಾನ್ಸ್ ಕಂಪನಿಯ ಟ್ರೆಷರಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಂಪನಿಗೆ ದಿನದ ದುಡ್ಡು ಹೊಂದಿಸುವುದೇ ನನ್ನ ಕೆಲಸ. ಹಾಗಾಗಿ ಒಬ್ಬರಿಂದ ಒಬ್ಬರಿಗೆ ಹೋಗುವ ಈ ಸಾಲದ ಸರಪಳಿಯನ್ನು ದಿನಾ ಕಣ್ಣಾರೆ ನೋಡುತ್ತೇನೆ.

2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಿನಲ್ಲಿ ನೀರಿಲ್ಲ, ಬೋರ್‌ವೆಲ್ ಒಣಗಿತ್ತು, ಟ್ಯಾಂಕರ್ ಬರುವುದು ತಡ. ನಮ್ಮ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಎರಡು ದಿನಕ್ಕೆ ಆಗುವಷ್ಟು ನೀರು ಇತ್ತು. "ನಾಳೆ ಟ್ಯಾಂಕರ್ ಬರಲ್ಲವಂತೆ" ಅಂತ ಯಾರೋ ಗ್ರೂಪಿನಲ್ಲಿ ಹಾಕಿದರು. ಎಲ್ಲರೂ ಬಕೆಟ್, ಡ್ರಮ್, ಕೊಡಪಾನ ತುಂಬಿಸಿಕೊಂಡರು. ಒಂದು ಗಂಟೆಯಲ್ಲಿ ಸಂಪು ಖಾಲಿ. ಯಾರೂ ನೀರು ಕದಿಯಲಿಲ್ಲ. ಇದ್ದ ನೀರೂ ಎಲ್ಲೂ ಹೋಗಲಿಲ್ಲ, ಮನೆಮನೆಯ ಡ್ರಮ್ಮಿನಲ್ಲಿ ಕೂತಿತ್ತು. ಆದರೆ ಮೇಲಿನ ಮನೆಯ ಅಜ್ಜಿಯ ನಲ್ಲಿಯಲ್ಲಿ ನೀರು ಬರಲಿಲ್ಲ.

ದುಡ್ಡಿನ ಪೇಟೆಯಲ್ಲೂ ಹೀಗೇ ಆಗುತ್ತದೆ. ಕಂಪನಿಗಳು ಮಿಕ್ಕ ಹಣವನ್ನು ಬೇಗ ತೆಗೆಯಬಹುದಾದ ಲಿಕ್ವಿಡ್ ಫಂಡ್‌ನಲ್ಲಿ ಇಡುತ್ತವೆ. ಆ ಫಂಡ್‌ಗಳು ನಮ್ಮಂಥ ಫೈನಾನ್ಸ್ ಕಂಪನಿಗಳ ಕಮರ್ಷಿಯಲ್ ಪೇಪರ್ ಕೊಳ್ಳುತ್ತವೆ, ಅಂದರೆ ಹೆಚ್ಚೆಂದರೆ ಮೂರು ತಿಂಗಳಿಗೆ ಸಾಲ ಕೊಡುತ್ತವೆ. ನಾವು ಅದೇ ಹಣವನ್ನು ಜನಕ್ಕೆ ಮನೆ ಸಾಲ, ಲಾರಿ ಸಾಲ ಅಂತ ವರ್ಷಗಟ್ಟಲೆಗೆ ಕೊಡುತ್ತೇವೆ. ಮೂರು ತಿಂಗಳಾದ ಮೇಲೆ ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತಬೇಕು. ದಿನಾ ನಡೆಯುವುದು ಇಷ್ಟೇ. ಹೊಸ ಸಾಲ ಸಿಗುತ್ತಾ ಇರುವ ತನಕ ಯಾರಿಗೂ ಏನೂ ಗೊತ್ತಾಗುವುದಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಫೈನಾನ್ಸ್ ಕಂಪನಿ ಸಾಲ ತೀರಿಸಲಾಗದೆ ಕೈ ಎತ್ತಿತು. ಅದರ ಪತ್ರಗಳಿಗೆ ಕೆಲವೇ ವಾರದ ಹಿಂದಿನವರೆಗೆ ಅತ್ಯುತ್ತಮ ರೇಟಿಂಗ್ ಇತ್ತು. ಅವತ್ತಿನಿಂದ ಫಂಡ್‌ಗಳು ಬೇರೆ ಫೈನಾನ್ಸ್ ಕಂಪನಿಗಳಿಗೂ ಹೊಸ ಸಾಲ ಕೊಡಲು ಹೆದರಿದವು. ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ನೋಡಲು ಯಾರಿಗೂ ಪುರುಸೊತ್ತು ಇರಲಿಲ್ಲ. 2019ರಲ್ಲಿ ಡಿಎಚ್‌ಎಫ್‌ಎಲ್ ಅನ್ನುವ ಮನೆ ಸಾಲದ ಕಂಪನಿ ಸಾಲ ತೀರಿಸುವುದನ್ನು ತಪ್ಪಿಸಿತು. ಅದರ ಬಾಂಡ್ ಇಟ್ಟುಕೊಂಡಿದ್ದ ಫಂಡ್‌ಗಳ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಒಂದೇ ದಿನದಲ್ಲಿ ಕುಸಿಯಿತು. ಆ ತಿಂಗಳುಗಳಲ್ಲಿ ನಮ್ಮ ಆಫೀಸಿನ ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ರಾತ್ರಿ ಮನೆಗೆ ಬಂದ ಮೇಲೂ ಅದೇ ಸದ್ದು ಕಿವಿಯಲ್ಲಿ ಇರುತ್ತಿತ್ತು.

ರಿಸರ್ವ್ ಬ್ಯಾಂಕ್ ವರ್ಷಕ್ಕೆ ಎರಡು ಸಲ ಹಣಕಾಸು ಸ್ಥಿರತೆ ವರದಿ ಹೊರಡಿಸುತ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವ ಜಾಲದ ಚಿತ್ರ ಅದರಲ್ಲಿ ಇರುತ್ತದೆ. ಹಣಕಾಸು ಸಂಸ್ಥೆಗಳ ಒಳಗೆ ಅತಿ ಹೆಚ್ಚು ಹಣ ಒದಗಿಸುವ ಗುಂಪು ಮ್ಯೂಚುವಲ್ ಫಂಡ್‌ಗಳೇ. ಅವರಿಂದ ಪಡೆಯುವವರಲ್ಲಿ ನಮ್ಮಂಥ ಕಂಪನಿಗಳು, ಬ್ಯಾಂಕುಗಳು ಮುಂದೆ. ಹಾಗಾಗಿ ನಿಮ್ಮ ಮನೆಯ ಎಸ್‌ಐಪಿ, ಪಕ್ಕದ ರಸ್ತೆಯ ಆಟೋ ಸಾಲ, ಊರಾಚೆ ಕಟ್ಟುತ್ತಿರುವ ಅಪಾರ್ಟ್‌ಮೆಂಟು, ಎಲ್ಲ ಒಂದೇ ಪೈಪಿಗೆ ಸೇರಿವೆ.

ಈಗ ಸ್ವಲ್ಪ ಬಿಗಿ ಮಾಡಿದ್ದಾರೆ, ಅದನ್ನೂ ಹೇಳಬೇಕು. ಲಿಕ್ವಿಡ್ ಫಂಡ್ ತನ್ನ ಹಣದಲ್ಲಿ ಕನಿಷ್ಠ 20 ಪರ್ಸೆಂಟ್ ತಕ್ಷಣ ನಗದಾಗುವ ಕಡೆ ಇಡಲೇಬೇಕು. ಮಧ್ಯಮ, ಸಣ್ಣ ಕಂಪನಿಗಳ ಷೇರು ಕೊಳ್ಳುವ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಫಂಡ್‌ಗಳು 2024ರಿಂದ ಪ್ರತಿ ತಿಂಗಳು ಒಂದು ಲೆಕ್ಕ ಪ್ರಕಟಿಸುತ್ತವೆ: ತಮ್ಮ ಬಳಿಯ ಷೇರುಗಳಲ್ಲಿ 25 ಪರ್ಸೆಂಟ್, 50 ಪರ್ಸೆಂಟ್ ಮಾರಲು ಎಷ್ಟು ದಿನ ಬೇಕು ಅಂತ. ನೀವು ಎಸ್‌ಐಪಿ ಹಾಕುವ ಫಂಡ್ ಸ್ಮಾಲ್‌ಕ್ಯಾಪ್ ಆಗಿದ್ದರೆ ಅದನ್ನು ಹುಡುಕಿ ನೋಡಿ. ಹೋದ ವರ್ಷದ ಲಾಭದ ಪಟ್ಟಿಗಿಂತ ಆ ಸಂಖ್ಯೆ ನನಗೆ ಹೆಚ್ಚು ವಿಷಯ ಹೇಳುತ್ತದೆ.

ಚಂದ್ರಾ ಲೇಔಟ್ ಸೈಟು

ಇಷ್ಟೆಲ್ಲ ತಲೆನೋವು ಯಾಕೆ? ಮಾಗಡಿ ರೋಡ್ ಕಡೆ ಒಂದು ಸೈಟು ತಗೊಳ್ಳಿ. ಭೂಮಿ ಎಲ್ಲೂ ಓಡಿ ಹೋಗಲ್ಲ. ನಮ್ಮ ತಂದೆ 1994ರಲ್ಲಿ ತಗೊಂಡ ಸೈಟೇ ಇವತ್ತು ನಮ್ಮನ್ನು ಕಾಪಾಡಿದೆ.

ಮಲ್ಲೇಶ್ವರದ ನಿವೃತ್ತ ಬ್ಯಾಂಕಿಗ

ನಿಮ್ಮ ತಂದೆ ಒಳ್ಳೆಯ ಕೆಲಸ ಮಾಡಿದರು. ಆದರೆ ಆಗ ಅವರಿಗೆ ವಯಸ್ಸಿತ್ತು, ಸಂಬಳ ಬರುತ್ತಿತ್ತು. ಈ ಅಪ್ಪನಿಗೆ ಪ್ರತಿ ತಿಂಗಳು ದುಡ್ಡು ಬೇಕು. ಖಾಲಿ ಸೈಟು ತಿಂಗಳಿಗೆ ಏನೂ ಕೊಡುವುದಿಲ್ಲ. ಆಸ್ಪತ್ರೆ ಖರ್ಚು ಬಂದರೆ ಸೈಟಿನ ಮೂಲೆ ಕತ್ತರಿಸಿ ಮಾರಲು ಆಗುವುದಿಲ್ಲ. ಖಾತೆ, ಇಸಿ, ಕಂದಾಯ ಜಮೀನೋ ಪರಿವರ್ತನೆ ಆಗಿದೆಯೋ ಅಂತ ಓಡಾಡುವ ಶಕ್ತಿಯೂ 60ರ ಮೇಲೆ ಎಲ್ಲರಿಗೂ ಇರುವುದಿಲ್ಲ. ಸಿಕ್ಕಿಕೊಳ್ಳುವುದು ಅಂದೆನಲ್ಲ, ಸೈಟು ಮೊದಲ ದಿನದಿಂದಲೇ ಹಾಗೆ.

ಹನುಮಂತನಗರದ ಠೇವಣಿದಾರ

ಅಕ್ಕ, ನಿಮ್ಮ ಚಿಕ್ಕಪ್ಪನ ಹಾಗೇ ನಮ್ಮ ಮನೆಯಲ್ಲೂ ಆಯಿತು. ಬ್ಯಾಂಕಿನ ಹೆಸರು ಬೇಡ. ನಮ್ಮತ್ತೆ ಅಲ್ಲಿ ಠೇವಣಿ ಇಟ್ಟಿದ್ದರು, ಬೇರೆ ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಅಂತ. ಒಂದು ದಿನ ಹೋದರೆ ಗೇಟಿನ ಮುಂದೆ ಜನ, ಪೊಲೀಸರು. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವತ್ತಿನಿಂದ ನಾನು ಕಲಿತದ್ದನ್ನು ಇಲ್ಲಿ ಹೇಳಲೇಬೇಕು, ಬೇರೆ ಯಾರಿಗೂ ಹಾಗಾಗಬಾರದು.

ಠೇವಣಿ ವಿಮೆ 2020ರ ಫೆಬ್ರುವರಿವರೆಗೆ ಬರೀ 1 ಲಕ್ಷ ಇತ್ತು. ಆಮೇಲೆ 5 ಲಕ್ಷ ಆಯಿತು. ಇದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ. ಜಯನಗರ ಶಾಖೆಯಲ್ಲಿ ಒಂದು, ರಾಜಾಜಿನಗರ ಶಾಖೆಯಲ್ಲಿ ಇನ್ನೊಂದು ಇಟ್ಟರೂ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. 2021ರ ತಿದ್ದುಪಡಿ ಆದ ಮೇಲೆ, ರಿಸರ್ವ್ ಬ್ಯಾಂಕ್ ಹಣ ತೆಗೆಯಲು ನಿರ್ಬಂಧ ಹಾಕಿದರೆ ಈ ವಿಮೆ ಹಣ 90 ದಿನದೊಳಗೆ ಸಿಗಬೇಕು. ಮುಂಚೆ ಬ್ಯಾಂಕ್ ಪೂರ್ತಿ ಮುಚ್ಚುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು.

ಇನ್ನೊಂದು ಮಾತು, ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆಲ್ಲ ಹೇಳಿ. ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಬೇರೆ. ನಮ್ಮ ಬೀದಿಗಳಲ್ಲಿ ಇವುಗಳ ಬೋರ್ಡ್ ಎಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಕೌಂಟರ್, ಪಾಸ್‌ಬುಕ್, ಪಿಗ್ಮಿ ಎಲ್ಲ ಇರುತ್ತದೆ. ಆದರೆ ಸಂಘಗಳಲ್ಲಿ ಇಟ್ಟ ಹಣಕ್ಕೆ ಈ 5 ಲಕ್ಷದ ವಿಮೆ ಇಲ್ಲ. ತುಂಬಾ ಸಂಘಗಳು ಚೆನ್ನಾಗಿಯೇ ನಡೆಯುತ್ತಿವೆ, ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಹಣ ಇಡುವವರಿಗೆ ವ್ಯತ್ಯಾಸ ಗೊತ್ತಿರಬೇಕು.

ಮಾರತ್ತಹಳ್ಳಿ ಹುಡುಗ

ಅಪ್ಪನ ಬಗ್ಗೆ ಎಲ್ಲರೂ ಹೇಳಿದಿರಿ. ನಾನು ಅಕ್ಕನ ಬಗ್ಗೆ ಹೇಳುತ್ತೇನೆ. ಅಕ್ಕ, ನೀವು ಐಟಿಯಲ್ಲಿ ಇದ್ದೀರಾ? ಮನೆ ಸಾಲ ಇದೆಯಾ?

ನನ್ನದೇ ಹೇಳುತ್ತೇನೆ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000 ದಾಟಿತ್ತು. ಮಾರ್ಚ್ 23ಕ್ಕೆ 25,981. ಆ ಒಂದೇ ದಿನ 3,934 ಅಂಶ ಬಿತ್ತು, 13 ಪರ್ಸೆಂಟ್. ನನ್ನ ಫಂಡ್‌ಗಳು ಎಲ್ಲ ಕೆಂಪು. ಅದೇ ವಾರ ನಮ್ಮ ಟೀಮಿನಲ್ಲಿ ನಾಲ್ಕು ಜನರ ಕೆಲಸ ಹೋಯಿತು. ನಾನು ಉಳಿದೆ, ಆದರೆ ಸಂಬಳ ಕಡಿತ ಆಯಿತು. ಕಂಪನಿ ಕೊಟ್ಟಿದ್ದ ಷೇರಿನ ಬೆಲೆಯೂ ಇಳಿಯಿತು. ಫ್ಲಾಟ್ ಮಾರೋಣ ಅಂದರೆ ಕೇಳುವವರಿಲ್ಲ. ಇಎಂಐ ಮಾತ್ರ ತಾರೀಖು ತಪ್ಪದೆ ಬರುತ್ತಿತ್ತು.

ಅವತ್ತು ನನಗೆ ಹೊಳೆದದ್ದು ಇದು. ಎಂಟು ಫಂಡ್ ಇಟ್ಟುಕೊಂಡಿದ್ದೆ, ಹಣ ಹರಡಿದ್ದೇನೆ ಅಂತ ನೆಮ್ಮದಿಯಾಗಿದ್ದೆ. ಆದರೆ ಸಂಬಳ, ಷೇರು, ಫ್ಲಾಟು, ಫಂಡು ನಾಲ್ಕೂ ಒಂದೇ ಕೊಂಬೆಗೆ ಕಟ್ಟಿದ್ದೆ. ಔಟರ್ ರಿಂಗ್ ರೋಡಿನಲ್ಲಿ ಕೆಲಸ, ಔಟರ್ ರಿಂಗ್ ರೋಡಿನಲ್ಲೇ ಫ್ಲಾಟು, ಐಟಿ ಫಂಡಿನಲ್ಲಿ ಎಸ್‌ಐಪಿ. ಈ ಊರಿನಲ್ಲಿ ನನ್ನಂಥವರು ಎಷ್ಟು ಸಾವಿರ ಜನ ಇದ್ದಾರೋ. ನಿಫ್ಟಿ ಇಂಡೆಕ್ಸ್ ಫಂಡ್ ಕೂಡ 50 ಕಂಪನಿ ಅಂತ ಕಾಣುತ್ತದೆ, ಆದರೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬ್ಯಾಂಕು, ಫೈನಾನ್ಸ್ ಕಂಪನಿಗಳೇ. ಹಣಕಾಸು ವ್ಯವಸ್ಥೆಗೆ ಜ್ವರ ಬಂದರೆ ಅದಕ್ಕೂ ಬರುತ್ತದೆ.

ಮಾರ್ಚ್‌ನಲ್ಲಿ ಬಿದ್ದ ಸೆನ್ಸೆಕ್ಸ್ ನವೆಂಬರ್ ಹೊತ್ತಿಗೆ ಹಳೆಯ ಎತ್ತರ ದಾಟಿತು. ಕಾದವರಿಗೆ ಒಳ್ಳೆಯದೇ ಆಯಿತು. ಆದರೆ ಕೆಲಸ ಹೋದ ನನ್ನ ಸ್ನೇಹಿತ ಏಪ್ರಿಲ್‌ನಲ್ಲೇ ಇಎಂಐಗೋಸ್ಕರ ಯೂನಿಟ್ ಮಾರಿದ. ಅವನು ಆರಿಸಿದ ಫಂಡ್ ಚೆನ್ನಾಗಿಯೇ ಇತ್ತು. ಕಾಯಲು ಅವನ ಕೈಯಲ್ಲಿ ಬೇರೆ ದುಡ್ಡು ಇರಲಿಲ್ಲ.

ಬನಶಂಕರಿ ಎಸ್‌ಐಪಿ

ಎಸ್‌ಐಪಿ ಮಾಡಿದರೆ ಈ ಚಿಂತೆ ಬೇಡ ಅಲ್ವಾ? ಬಿದ್ದಾಗ ಜಾಸ್ತಿ ಯೂನಿಟ್ ಸಿಗುತ್ತದೆ. ಹತ್ತು ವರ್ಷ ಹಾಕಿದರೆ ನಷ್ಟವೇ ಆಗಲ್ಲ ಅಂತಾರೆ.

ಮಾರತ್ತಹಳ್ಳಿ ಹುಡುಗ

ಜಾಸ್ತಿ ಯೂನಿಟ್ ಸಿಗುವುದು ನಿಜ. 10,000 ರೂಪಾಯಿಗೆ ಎನ್‌ಎವಿ 50 ಇದ್ದಾಗ 200 ಯೂನಿಟ್, 40 ಆದಾಗ 250, 25ಕ್ಕೆ ಇಳಿದಾಗ 400. ಒಟ್ಟು 30,000ಕ್ಕೆ 850 ಯೂನಿಟ್, ಒಂದಕ್ಕೆ ಸುಮಾರು 35 ರೂಪಾಯಿ ಬಿತ್ತು. ಆದರೆ ಎನ್‌ಎವಿ 25ರಲ್ಲೇ ಇದ್ದಾಗ ಮಾರಬೇಕಾದರೆ ನಷ್ಟವೇ ತಾನೇ? ಎಸ್‌ಐಪಿ ಕೊಳ್ಳುವ ಬೆಲೆಯನ್ನು ಸರಾಸರಿ ಮಾಡುತ್ತದೆ, ಮಾರುವ ದಿನದ ಬೆಲೆ ಅದರ ಕೈಯಲ್ಲಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕೂ ಕೆಳಗೆ ಹೋಗಿ ಬಂತು. ಮತ್ತೆ 21,000ವನ್ನು ಗಟ್ಟಿಯಾಗಿ ದಾಟಿದ್ದು 2014ರಲ್ಲಿ. ಮಧ್ಯದಲ್ಲಿ ಮಗಳ ಕಾಲೇಜು ಫೀಸು ಬಂದವರು ಏನು ಮಾಡಬೇಕಿತ್ತು?

ಗಿರಿನಗರದ ಶಿಕ್ಷಕಿ

ಬ್ಯಾಂಕಿನವರ ಫೋನ್ ಬಗ್ಗೆ ಒಂದು ಮಾತು. ನನಗೂ ಹಾಗೇ ಒಂದು ಬ್ಯಾಂಕಿನಿಂದ ಫಂಡ್ ಮಾರಿದರು. ಬ್ಯಾಂಕಿನ ಒಳಗೆ ಕೂತು ಸಹಿ ಹಾಕಿದ್ದರಿಂದ ಬ್ಯಾಂಕೇ ಗ್ಯಾರಂಟಿ ಅಂತ ನಾನು ನಾಲ್ಕು ವರ್ಷ ನಂಬಿದ್ದೆ. ಗ್ಯಾರಂಟಿ ಏನೂ ಇಲ್ಲ. ಅಲ್ಲಿ ಬ್ಯಾಂಕು ಬರೀ ಏಜೆಂಟು. ನನಗೆ ಕೊಟ್ಟಿದ್ದು ರೆಗ್ಯುಲರ್ ಪ್ಲಾನ್. ಅದರಲ್ಲಿ ಅವರ ಕಮಿಷನ್ ಪ್ರತಿ ವರ್ಷ ನಮ್ಮ ಹಣದಿಂದಲೇ ಹೋಗುತ್ತದೆ. ಅದೇ ಫಂಡನ್ನು ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ, ನನಗೆ ಯಾರೂ ಹೇಳಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 10,000ದಂತೆ 20 ವರ್ಷ. ವರ್ಷಕ್ಕೆ 12 ಪರ್ಸೆಂಟ್ ಬೆಳೆಯಿತು ಅಂದುಕೊಂಡರೆ ಸುಮಾರು 1 ಕೋಟಿ. ಶುಲ್ಕ 1 ಪರ್ಸೆಂಟ್ ಜಾಸ್ತಿ ಹೋಗಿ 11 ಪರ್ಸೆಂಟ್ ಆದರೆ ಸುಮಾರು 87 ಲಕ್ಷ. ನಮ್ಮ ಸ್ಕೂಲಿನ ಸಂಬಳದಲ್ಲಿ ಆ ವ್ಯತ್ಯಾಸ ಎಷ್ಟು ವರ್ಷದ ದುಡಿಮೆ ಅಂತ ನನಗೆ ಗೊತ್ತು. ನಮ್ಮ ಜೊತೆ ಕೂತು ತಿಳಿಸಿ ಹೇಳುವ, ಪೇಟೆ ಬಿದ್ದಾಗ ಧೈರ್ಯ ಹೇಳುವ ಏಜೆಂಟರೂ ಇದ್ದಾರೆ, ಅಂಥವರಿಗೆ ಕೊಡಬಹುದು. ಆದರೆ ಏನಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಡಬೇಕು.

ಮಲ್ಲೇಶ್ವರದ ನಿವೃತ್ತ ಬ್ಯಾಂಕಿಗ

ಟೀಚರ್ ಹೇಳಿದ್ದು ಅಕ್ಷರಶಃ ಸರಿ. ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿದ್ದೆಲ್ಲ ಠೇವಣಿ ಅಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕ್ ಮೇಲೆ ನಿರ್ಬಂಧ ಬಂತು, ಒಬ್ಬರು 50,000 ಮಾತ್ರ ತೆಗೆಯಬಹುದಿತ್ತು. 18ಕ್ಕೆ ತೆರವಾಯಿತು. ಠೇವಣಿ ಇಟ್ಟವರಿಗೆ ಹದಿಮೂರು ದಿನದ ಸಂಕಟ. ಆದರೆ ಅದೇ ಬ್ಯಾಂಕಿನ ಎಟಿ-1 ಅನ್ನುವ, ಬ್ಯಾಂಕಿನ ಬಂಡವಾಳಕ್ಕೆ ಸೇರುವ ಬಾಂಡ್ ಇದ್ದವರ 8,415 ಕೋಟಿಯನ್ನು ಸೊನ್ನೆ ಅಂತ ಬರೆದುಬಿಟ್ಟರು. ವಿಷಯ ಕೋರ್ಟಿಗೆ ಹೋಯಿತು. ಒಂದೇ ಬ್ಯಾಂಕು, ಎರಡು ಕಾಗದ. ಸಹಿ ಹಾಕುವ ಮುಂಚೆ ಯಾವ ಕಾಗದ ಅಂತ ಕೇಳಲೇಬೇಕು.

ಈಗ ಅಪ್ಪನ 42 ಲಕ್ಷ. ನಾನು ಸಲಹೆಗಾರನಲ್ಲ, ನನ್ನ ತಮ್ಮನಾಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಹೇಳುತ್ತೇನೆ. ಮೊದಲು ತಿಂಗಳ ಖರ್ಚು ಎಷ್ಟು ಅಂತ ಅಮ್ಮನನ್ನು ಕೇಳಿ. ಅಪ್ಪನಿಗಿಂತ ಅಮ್ಮನಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಖರ್ಚು ಪೇಟೆಯ ಏರಿಳಿತಕ್ಕೆ ಸಿಗದ ಕಡೆಯಿಂದ ಬರಬೇಕು. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಿಗುತ್ತದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. ಹಿಂದೆ ನಿಂತಿರುವುದು ಸರ್ಕಾರ. 2023ರ ಏಪ್ರಿಲ್‌ನಲ್ಲಿ ಬಡ್ಡಿ 8.2 ಪರ್ಸೆಂಟ್ ಆಯಿತು. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೆ 61,500 ಬರುತ್ತದೆ. ನೀವು ಇಡುವ ದಿನ ಯಾವ ದರ ಇರುತ್ತದೋ ಅದೇ ಐದು ವರ್ಷ ನಡೆಯುತ್ತದೆ, ಹಾಗಾಗಿ ಹೋಗುವ ಮುಂಚೆ ದರ ವಿಚಾರಿಸಿ. ಬಡ್ಡಿಗೆ ತೆರಿಗೆ ಇದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇನ್ನು ಮಿಕ್ಕ 12 ಲಕ್ಷದಲ್ಲಿ ಆಸ್ಪತ್ರೆಗೆ ಅಂತ ಎರಡು ದೊಡ್ಡ ಬ್ಯಾಂಕಿನಲ್ಲಿ ತಲಾ 4 ಲಕ್ಷ ಎಫ್‌ಡಿ ಇಡಿ. ಬಡ್ಡಿ ಸೇರಿದರೂ 5 ಲಕ್ಷದ ವಿಮೆಯ ಒಳಗೇ ಇರುತ್ತದೆ. ಕೊನೆಯ 4 ಲಕ್ಷ ಮಾತ್ರ, ಅದೂ ಅಪ್ಪ ಮನಸ್ಸಿನಿಂದ ಒಪ್ಪಿದರೆ, ಏಳೆಂಟು ವರ್ಷ ಮುಟ್ಟುವುದಿಲ್ಲ ಅಂದರೆ, ಫಂಡ್‌ಗೆ ಹೋಗಲಿ. ಬೆಲೆ ಏರಿಕೆಗೆ ಅದು ಬೇಕು, ನಿಜ. ಒಪ್ಪದಿದ್ದರೆ ಬಲವಂತ ಮಾಡಬೇಡಿ. ರಾತ್ರಿ ನಿದ್ದೆ ಕೆಡಿಸುವ ಹೂಡಿಕೆ ಆ ವಯಸ್ಸಿಗೆ ಬೇಡ.

ಇದೆಲ್ಲ ಬಿಟ್ಟು ತಿಂಗಳಿಗೆ 3 ಪರ್ಸೆಂಟ್, 5 ಪರ್ಸೆಂಟ್ ಕೊಡುತ್ತೇವೆ ಅಂತ ಯಾರಾದರೂ ಮನೆಗೆ ಬಂದರೆ ಬಾಗಿಲಲ್ಲೇ ಕಳಿಸಿ. 2019ರಲ್ಲಿ ಜನರ ಹಣ ಸಂಗ್ರಹಿಸಿ ಮೋಸ ಮಾಡಿದ ಶಿವಾಜಿನಗರದ ಐಎಂಎ ಕಂಪನಿಯ ಮುಂದೆ ಸಾವಿರಾರು ಜನ ಅಳುತ್ತಾ ನಿಂತಿದ್ದನ್ನು ಈ ಊರು ನೋಡಿದೆ. ಕಾಣೆಯಾಗುವುದು ಅಂದೆನಲ್ಲ, ಅದು ಇದೇ.

ವಿಜಯನಗರದ ಮಗಳು

ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಅಮ್ಮ ಒಂದು ಹಳೇ ಡೈರಿ ತೆಗೆದರು. ಹಾಲು, ತರಕಾರಿ, ಗ್ಯಾಸು, ಅಪ್ಪನ ಶುಗರ್ ಮಾತ್ರೆ, ಎಲ್ಲ ತಿಂಗಳು ತಿಂಗಳು ಬರೆದಿದ್ದಾರೆ. ನನಗೆ ಗೊತ್ತೇ ಇರಲಿಲ್ಲ. ತಿಂಗಳಿಗೆ 19,000 ಆಗುತ್ತದೆ. ಅಪ್ಪ ಅಂಚೆ ಕಚೇರಿಗೆ ಹೋಗಿ 30 ಲಕ್ಷ ಇಟ್ಟು ಬಂದರು. ಎಫ್‌ಡಿ ಎರಡು ಕಡೆ ಆಯಿತು. ಫಂಡ್‌ಗೆ ಸದ್ಯಕ್ಕೆ ಬೇಡ ಅಂದರು, ನಾನೂ ಒತ್ತಾಯ ಮಾಡಲಿಲ್ಲ. ಆ 4 ಲಕ್ಷ ಉಳಿತಾಯ ಖಾತೆಯಲ್ಲೇ ಇದೆ.

ಮಾರತ್ತಹಳ್ಳಿ ಅವರೇ, ನಾನೂ ಐಟಿ, ನನಗೂ ಮನೆ ಸಾಲ. ನಿಮ್ಮ ಮಾತು ಓದಿ ನನ್ನ ಫಂಡ್‌ಗಳನ್ನು ಬಿಚ್ಚಿ ನೋಡಿದೆ. ಒಂದು ಐಟಿ ಫಂಡ್ ಇತ್ತು, ಅದರ ಎಸ್‌ಐಪಿ ನಿಲ್ಲಿಸಿದೆ. ಆರು ತಿಂಗಳ ಇಎಂಐ ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಮಾಡುತ್ತಿದ್ದೇನೆ. ಅದು ತುಂಬಲು ಇನ್ನೂ ಐದು ತಿಂಗಳು ಬೇಕು.

ಅಮ್ಮ ಒಂದು ಪ್ರಶ್ನೆ ಕೇಳಿದರು. "ನಿನಗೇನಾದರೂ ಆದರೆ ನಿನ್ನ ಫಂಡಿನ ದುಡ್ಡು ಇದೆ ಅಂತ ನಮಗೆ ಹೆಂಗೆ ಗೊತ್ತಾಗುತ್ತೆ?"

ರಿಚ್‌ಮಂಡ್ ಟೌನ್ ಟ್ರೆಷರಿ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಪ್ಯಾನ್ ನಂಬರಿನ ಮೇಲೆ ನಿಮ್ಮ ಎಲ್ಲ ಫಂಡ್‌ಗಳ ಒಟ್ಟು ಸ್ಟೇಟ್‌ಮೆಂಟ್ ಸಿಗುತ್ತದೆ, ಸಿಎಎಸ್ ಅಂತಾರೆ. ಈಮೇಲ್‌ಗೂ ಬರುತ್ತದೆ, ಕ್ಯಾಮ್ಸ್ ವೆಬ್‌ಸೈಟಿನಲ್ಲಿ ಕೇಳಿಯೂ ಪಡೆಯಬಹುದು. ಒಂದನ್ನು ಪ್ರಿಂಟ್ ಹಾಕಿ ಅಮ್ಮನ ಆ ಡೈರಿಯಲ್ಲೇ ಇಡಿ, ವರ್ಷಕ್ಕೊಮ್ಮೆ ಬದಲಾಯಿಸಿ. ಪ್ರತಿ ಫೋಲಿಯೋದಲ್ಲಿ, ಅಂದರೆ ಫಂಡ್ ಖಾತೆಯಲ್ಲಿ, ನಾಮಿನಿ ಇದ್ದಾರಾ ಅಂತ ಅದರಲ್ಲೇ ಕಾಣುತ್ತದೆ, ಇಲ್ಲದಿದ್ದರೆ ಈಗಲೇ ಸೇರಿಸಿ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು, ಅವರೇ ವಾರಸುದಾರರು ಅಂತ ಅಲ್ಲ. ಹಾಗಾಗಿ ಉಯಿಲು ಬರೆಯುವುದೂ ಒಳ್ಳೆಯದು. ಅಪ್ಪ ಅಂಚೆ ಕಚೇರಿಯಲ್ಲಿ ಇಟ್ಟಿದ್ದಕ್ಕೂ ನಾಮಿನಿ ಯಾರು ಅಂತ ಪಾಸ್‌ಬುಕ್ ತೆಗೆದು ನೋಡಿಬಿಡಿ.

ವಿಜಯನಗರದ ಮಗಳು

ಈಗಷ್ಟೇ ನೋಡಿದೆ. ಅಮ್ಮನ ಹೆಸರಿದೆ. ನನ್ನ ಐದು ಫೋಲಿಯೋದಲ್ಲಿ ಮೂರರಲ್ಲಿ ಯಾರ ಹೆಸರೂ ಇರಲಿಲ್ಲ, ಇವತ್ತು ರಾತ್ರಿಯೇ ಹಾಕುತ್ತೇನೆ.